ರೆಕ್ಕೆ ನಾಲ್ಕು ಎಂದವರು

ಎರಡು ರೆಕ್ಕೆ ಇದ್ದರೆ ನೊಣ, ನಾಲ್ಕು ಇದ್ದರೆ ಜೇನು. ಇದಕ್ಕಿಂತ ಸುಲಭ ಮಾಡಿ ಹೇಳಲು ನನ್ನಿಂದಾಗದು. ಇಷ್ಟನ್ನು ಒಬ್ಬ ಮನುಷ್ಯನಿಗೆ ವರ್ಷವಿಡೀ ಹೇಳಿಕೊಟ್ಟೆ. ಸೆಕೆಯಲ್ಲಿ ಹೇಳಿದೆ, ಮಳೆಯಲ್ಲಿ ಹೇಳಿದೆ, ಚಳಿಗೆ ಗಂಟಲು ಕಟ್ಟಿದ್ದಾಗ ಪಿಸುದನಿಯಲ್ಲೂ ಹೇಳಿದೆ. ಆದರೂ ಮುಂದಿನ ಸಲ ಬಂದಾಗ ಅವರು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಒಳಗೆ ಕಾಲು ಮಡಚಿ ಸತ್ತು ಬಿದ್ದಿದ್ದ ಹುಳುವನ್ನು ನನ್ನ ಮೇಜಿನ ಮೇಲಿಟ್ಟು, "ರೆಕ್ಕೆ ನಾಲ್ಕಿದೆ ಮೇಡಂ, ಇದು ಜೇನೇ" ಎನ್ನುವರು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನಿಮ್ಮ ತಲೆ! ಎರಡು ರೆಕ್ಕೆ. ಮತ್ತೊಮ್ಮೆ ಎಣಿಸಿ" ಎಂದು ರೇಗುತ್ತಿದ್ದೆ. ಅವರು ಕೆಮ್ಮಿ, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು, "ಹೇಳಿ ಹಾಗಾದ್ರೆ" ಎನ್ನುತ್ತಿದ್ದರು.

ನಾನು ಕೆಲಸ ಮಾಡುವುದು ಕೀಟ ಸಂಗ್ರಹಾಲಯದ ನೊಣ ವಿಭಾಗದಲ್ಲಿ. ವಿಭಾಗ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಒಂದು ಉದ್ದನೆ ಕೋಣೆ, ಗೋಡೆಯುದ್ದಕ್ಕೂ ಮರದ ಬೀರುಗಳು, ಬೀರುಗಳ ತುಂಬ ಗಾಜಿನ ಮುಚ್ಚಳದ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಸೂಜಿಗೆ ಚುಚ್ಚಿಟ್ಟ ನೊಣಗಳು, ಮತ್ತು ನಾನು. ಜೊತೆಗೆ ನುಸಿಗುಳಿಗೆಯ ವಾಸನೆ. ಎಲ್ಲೆಲ್ಲಿಂದಲೋ ಡಬ್ಬಿಗಳಲ್ಲಿ ಹುಳುಗಳು ಬರುತ್ತವೆ. ಅವು ಏನೆಂದು ನೋಡಿ ಹೆಸರಿಡುವುದು ನನ್ನ ಉದ್ಯೋಗ. ಅದರಲ್ಲೂ ಹೂನೊಣಗಳೆಂದರೆ ನನಗೆ ಪ್ರಾಣ. ಹೂನೊಣ ಮಹಾ ಠಕ್ಕ ಜೀವಿ. ಚುಚ್ಚಲು ಕೊಂಡಿಯಿಲ್ಲ, ಕಚ್ಚಲು ಹಲ್ಲಿಲ್ಲ, ಆದರೆ ಮೈತುಂಬ ಜೇನಿನ ಹಾಗೆ, ಕಣಜದ ಹಾಗೆ ಪಟ್ಟೆ ಬಳಿದುಕೊಂಡು ಊರನ್ನೆಲ್ಲ ಹೆದರಿಸಿಕೊಂಡು ತಿರುಗುತ್ತದೆ. ಅದರ ವೇಷ ಕಳಚಿ, ನೀನು ಯಾರ ಮನೆಯವಳು ಎಂದು ಕೇಳುವುದರಲ್ಲಿ ನನಗೆ ಈಗಲೂ ಸುಖವಿದೆ.

ಬೆಂಕಿಪೊಟ್ಟಣದವರು ಯಾರೆಂದರೆ, ನಮ್ಮ ಮೈಕ್ರೋಸ್ಕೋಪುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಮೊದಲೆಲ್ಲ ವರ್ಷಕ್ಕೊಂದು ಸಲ ಬಂದು, ಲೆನ್ಸು ಒರೆಸಿ, ತಿರುಪು ಬಿಗಿ ಮಾಡಿ, ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ನನಗೂ ಅವರಿಗೂ "ಬಂದ್ರಾ", "ಆಯ್ತಾ" ಎಂಬ ಎರಡು ಮಾತಿಗಿಂತ ಹೆಚ್ಚಿನ ಬಳಕೆ ಇರಲಿಲ್ಲ. ಒಂದು ಸಲ ಕೆಲಸ ಮುಗಿಸಿ ಹೊರಟವರು ಕಿಟಕಿಯ ಕಟ್ಟೆಯ ಮೇಲೆ ಸತ್ತು ಬಿದ್ದಿದ್ದ ಹುಳುವೊಂದನ್ನು ತೋರಿಸಿ, "ಪಾಪ, ಜೇನು ಸತ್ತಿದೆ" ಎಂದರು. ಅದು ಜೇನಲ್ಲ ಎಂದೆ. ಯಾಕಲ್ಲ ಎಂದರು. ಯಾಕಲ್ಲ ಎಂದು ನನ್ನನ್ನು ಯಾರೂ ಕೇಳಬಾರದು. ಕೂರಿಸಿಕೊಂಡು ತಲೆಯಿಂದ ಕಾಲಿನವರೆಗೂ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಅವರಿಗೆಂದು ತರಿಸಿದ್ದ ಟೀ ತಣ್ಣಗಾಗಿತ್ತು.

ಮುಂದಿನ ವಾರ ಬೆಂಕಿಪೊಟ್ಟಣದೊಂದಿಗೆ ಬಂದರು. ತಮ್ಮ ವರ್ಕ್‌ಶಾಪಿನ ಕಿಟಕಿಯಲ್ಲಿ ಸಿಕ್ಕಿತು, ಇದು ಮಾತ್ರ ಜೇನೇ, ರೆಕ್ಕೆ ನಾಲ್ಕಿದೆ ಎಂದರು. ಎರಡೇ ಇತ್ತು. ಅಲ್ಲಿಂದ ಶುರುವಾಯಿತು.

ನಾನು ಹುಳುವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಕಣ್ಣು ಅದಕ್ಕೆ ಅಂಟಿಸಿ, ಒಂದೊಂದೇ ಗುರುತು ಹೇಳುತ್ತ ಹೋಗುತ್ತಿದ್ದೆ. ಮೀಸೆ ನೋಡಿ: ಜೇನಿನದು ಉದ್ದ, ಮೊಣಕೈ ಮಡಚಿದ ಹಾಗಿರುತ್ತದೆ, ಇದರದು ಗಿಡ್ಡ, ಇದೆಯೋ ಇಲ್ಲವೋ ಅನ್ನುವಷ್ಟು. ಹಿಂದಿನ ರೆಕ್ಕೆಗಳಿರಬೇಕಾದ ಜಾಗದಲ್ಲಿ ಗುಂಡುಸೂಜಿಯ ತಲೆಯಂಥ ಎರಡು ಪುಟ್ಟ ಕಡ್ಡಿಗಳು. ಹಾರುವಾಗ ತೂಕ ತಪ್ಪದಿರಲಿ ಎಂದು. ಕಾಲು ನೋಡಿ, ಪರಾಗ ತುಂಬುವ ಬುಟ್ಟಿ ಎಲ್ಲಿದೆ? ಇಲ್ಲ. ಕಣ್ಣು ನೋಡಿ, ಮುಖಕ್ಕೆ ಮುಖವೇ ಕಣ್ಣು. ಎರಡೂ ಕಣ್ಣು ನೆತ್ತಿಯ ಮೇಲೆ ಒಂದನ್ನೊಂದು ಮುಟ್ಟಿದ್ದರೆ ಗಂಡು, ನಡುವೆ ಜಾಗ ಬಿಟ್ಟಿದ್ದರೆ ಹೆಣ್ಣು. ಕೊನೆಗೆ ರೆಕ್ಕೆಯ ನರ. ಎಲ್ಲ ನರಗಳೂ ಒಂದಕ್ಕೊಂದು ಸೇರಿ ಬಲೆಯಾಗಿರುವಾಗ, ಹೂನೊಣದ ರೆಕ್ಕೆಯಲ್ಲಿ ಮಾತ್ರ ಒಂದು ಗೆರೆ ನಟ್ಟನಡುವೆ ಹುಟ್ಟಿ, ಒಂದಷ್ಟು ದೂರ ಹೋಗಿ, ಯಾವುದನ್ನೂ ಸೇರದೆ ನಿಂತುಬಿಡುತ್ತದೆ. ಅದು ಸುಳ್ಳುನರ. ನಿಜವಾದ ಗುರುತೆಂದರೆ ಅದೇ.

"ಎಲ್ಲೂ ಸೇರದೆ ಇರೋದಕ್ಕೆ ಅದು ಯಾಕೆ ಬೇಕು?" ಎಂದು ಅವರು ಒಮ್ಮೆ ಕೇಳಿದರು.

"ನನ್ನನ್ನ ಕೇಳಿದ್ರೆ? ಅದನ್ನೇ ಕೇಳಿ" ಎಂದೆ.

ಜೋರಾಗಿ ನಕ್ಕರು. ಆ ನಗು ಕೇಳಿ ನಾನು ಮೈಕ್ರೋಸ್ಕೋಪಿನಿಂದ ತಲೆ ಎತ್ತಬೇಕಿತ್ತು, ಎತ್ತಲಿಲ್ಲ. ಮೊದಮೊದಲು ಅವರೂ ಬಗ್ಗಿ ಒಂದು ಕಣ್ಣು ಹಾಕುತ್ತಿದ್ದರು. ಆಮೇಲಾಮೇಲೆ, "ನೀವೇ ನೋಡಿ ಹೇಳಿ ಮೇಡಂ, ನಂಗೆ ಕೇಳೋಕೇ ಚೆಂದ" ಎನ್ನತೊಡಗಿದರು. ಹೋಗಲಿ, ಬೆಪ್ಪುತಕ್ಕಡಿ ಎಂದುಕೊಂಡು ನಾನು ಹೇಳಿದೆ.

ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಇದ್ದಾಳೆ; ಹೊಲಿಗೆ ಮೆಷೀನು ಮುಂದಿನ ಕೋಣೆಯಲ್ಲಿ, ಅವಳ ನಾಲಿಗೆ ಮನೆಯ ಎಲ್ಲ ಕೋಣೆಗಳಲ್ಲಿ. ಊಟದ ಹೊತ್ತಿಗೆ ನಾನು ಮೆಕ್ಯಾನಿಕ್ಕಿನ ದಡ್ಡತನ ಹೇಳಿ ನಗುವುದು, ಅವಳು ಕೇಳುವುದು ಅಭ್ಯಾಸವಾಗಿತ್ತು. ಒಂದು ದಿನ ಅವಳು ತುತ್ತು ಕೈಯಲ್ಲೇ ಹಿಡಿದು, "ಪುಟ್ಟೀ" ಎಂದಳು. ನನಗೆ ಐವತ್ತು ದಾಟಿದೆ, ಅವಳಿಗೆ ನಾನು ಪುಟ್ಟಿಯೇ.

"ಪುಟ್ಟೀ, ಕೂದಲಿಗಿಂತ ಸಣ್ಣ ತಿರುಪು ಬಿಗಿ ಮಾಡೋನಿಗೆ ನೊಣದ ರೆಕ್ಕೆ ಎಣಿಸೋಕೆ ಬರಲ್ವಾ?"

"ಬರಲ್ಲ ಅಂತಾನೇ ತಾನೆ ನಾನು ಹೇಳ್ತಿರೋದು."

"ಅಯ್ಯೋ ನನ್ನ ಪೆದ್ದು ತಂಗೀ! ಲೆನ್ಸಪ್ಪ ಬರ್ತಿರೋದು ನೊಣ ತೋರಿಸೋಕಲ್ಲ ಕಣೇ. ಬರೋಕೊಂದು ನೆಪ ಬೇಕು, ಅದಕ್ಕೆ ನೊಣ."

ಲೆನ್ಸಪ್ಪ ಎಂಬ ಹೆಸರು ಅವಳು ಆ ಕ್ಷಣದಲ್ಲಿ ಇಟ್ಟದ್ದು. ನಾನು ಬೈದೆ. ವಯಸ್ಸಿಗೆ ತಕ್ಕ ಮಾತಾಡು ಎಂದೆ.

"ನೋಡೋಕೆ ಹೇಗಿದ್ದಾನೆ?" ಎಂದಳು.

"ಹೇಗಿರ್ತಾರೆ? ಮನುಷ್ಯರ ಹಾಗೆ."

"ಎತ್ತರವಾ?"

"ಮಧ್ಯಮ ಅನ್ಸುತ್ತೆ."

"ಕನ್ನಡಕ ಇದೆಯಾ?"

ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ. ಬೆಂಕಿಪೊಟ್ಟಣ ಇಡುವ ಕೈ ಗೊತ್ತಿತ್ತು: ಗಿಡ್ಡಕ್ಕೆ ಕತ್ತರಿಸಿದ ಉಗುರು, ಹೆಬ್ಬೆರಳಿನ ಮೇಲೆ ಹಳೆಯ ಸುಟ್ಟ ಕಲೆ. ಬಟ್ಟೆಯಿಂದ ಬರುವ ಸ್ಪಿರಿಟ್ಟಿನ ವಾಸನೆ ಗೊತ್ತಿತ್ತು. ಕೆಮ್ಮು ಗೊತ್ತಿತ್ತು, ನಗು ಗೊತ್ತಿತ್ತು. ಮುಖ ಗೊತ್ತಿರಲಿಲ್ಲ. ಅವರು ಇದ್ದಷ್ಟು ಹೊತ್ತೂ ನನ್ನ ಮುಖ ಮೈಕ್ರೋಸ್ಕೋಪಿನಲ್ಲೇ ಹುಗಿದಿತ್ತಲ್ಲ.

ಅಕ್ಕ ಹಣೆ ಚಚ್ಚಿಕೊಂಡಳು. "ನೊಣದ ಕಾಲಿನ ಕೂದಲು ಎಣಿಸ್ತೀಯ. ಎದುರಿಗೆ ಕೂತ ಗಂಡಸಿಗೆ ಕನ್ನಡಕ ಇದೆಯೋ ಇಲ್ವೋ ಗೊತ್ತಿಲ್ಲ!"

ಮಾರನೆಯ ದಿನ ಕೂದಲಿಗೆ ಕಪ್ಪು ಬಣ್ಣ ಹಾಕಿಸಿಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತಿದ್ದೇನೆ, ಅವರಿಗಾಗಿಯೇ ಹಾಕಿಸಿಕೊಂಡೆ. ಇನ್ನು ಮುಂದೆ ಅವರು ಬಂದಾಗ ನೇರವಾಗಿ ಮುಖ ನೋಡಿಯೇ ಮಾತಾಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ಬಂದರು. ಎದೆ ಎಷ್ಟು ಹೊಡೆದುಕೊಂಡಿತೆಂದರೆ, ನೋಡುವುದಿರಲಿ, ಮೊದಲಿಗಿಂತ ಬೇಗ ಮೈಕ್ರೋಸ್ಕೋಪಿನೊಳಗೆ ತಲೆ ತೂರಿಸಿದೆ. ಕೂದಲಿನ ಬಗ್ಗೆ ಅವರು ತುಟಿ ಪಿಟಕ್ಕೆನ್ನಲಿಲ್ಲ. ರೆಕ್ಕೆ ನಾಲ್ಕು ಎಂದರು, ಅಷ್ಟೆ. ನನಗೆ ಉರಿದುಹೋಯಿತು.

ಆ ಸಲವೇ ವರ್ಷದ ಸರ್ವಿಸ್ಸೂ ಆಗಬೇಕಿತ್ತು. ಮೈಕ್ರೋಸ್ಕೋಪನ್ನು ಬಿಚ್ಚಿ, ಬೆರಳುಗಳಿಂದ ತಡವಿ ತಡವಿ, ಬಹಳ ಹೊತ್ತು ಕೆಲಸ ಮಾಡಿದರು. ನಾನು ಕೋಪದಲ್ಲಿ ಬೀರುವಿನ ಕಡೆ ತಿರುಗಿ ಪೆಟ್ಟಿಗೆ ಜೋಡಿಸುತ್ತ ನಿಂತೆ. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಇವತ್ತು ಗಂಡೋ ಹೆಣ್ಣೋ ಹೇಳಲೇ ಇಲ್ಲ ನೀವು" ಎಂದರು.

"ಮುಂದಿನ ಸಲ ಹೇಳ್ತೀನಿ, ಹೋಗಿ" ಎಂದೆ.

ಮುಂದಿನ ಸಲ ಬರಲಿಲ್ಲ.

ಮೊದಲ ವಾರ ಕೋಪ ಇತ್ತು. ಎರಡನೆಯ ವಾರ ಜ್ವರವೇನೋ ಎಂದುಕೊಂಡೆ. ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದರೇನೆಂದು ನನಗೆ ಗೊತ್ತಾಯಿತು. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಮೈಯೆಲ್ಲ ಕಿವಿಯಾಗುತ್ತಿತ್ತು. ಹೆಜ್ಜೆ ಮುಂದಿನ ಚಿಟ್ಟೆ ವಿಭಾಗಕ್ಕೆ ಹೋಗುತ್ತಿತ್ತು. ಕಸ ಗುಡಿಸುವಾಕೆಗೆ ನನ್ನ ಕೋಣೆಯ ಕಿಟಕಿಕಟ್ಟೆ ಮಾತ್ರ ಗುಡಿಸಬೇಡ ಎಂದು ಹೇಳಿಟ್ಟೆ. ಅಲ್ಲಿ ಸತ್ತ ನೊಣಗಳು ಒಂದೊಂದಾಗಿ ಸೇರಿಕೊಂಡವು. ಅವರು ಬಂದರೆ ಮಾತಿಗೊಂದು ವಿಷಯ ಇರಲಿ ಎಂದು.

ಕಿಟಕಿಯ ಹೊರಗೆ, ಗೋಡೆಗೂ ಮರಕ್ಕೂ ನಡುವೆ, ಬೆಳಗಿನ ಬಿಸಿಲು ಬೀಳುವ ಒಂದು ಜಾಗವಿದೆ. ಹೂನೊಣದ ಗಂಡು ಅಲ್ಲಿ ಬಂದು ಗಾಳಿಯಲ್ಲಿ ಅಲುಗದೆ ನಿಲ್ಲುತ್ತದೆ. ಏನಾದರೂ ಅಡ್ಡ ಹಾಯ್ದರೆ ಅಟ್ಟಿಸಿಕೊಂಡು ಹೋಗಿ, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಹೆಣ್ಣು ಹಾದುಹೋದೀತೆಂದು ಕಾಯುವ ರೀತಿ ಅದು. ಇದನ್ನು ಪಾಠ ಹೇಳುವವರ ಹಾಗೆ ಎಷ್ಟು ಜನಕ್ಕೆ ವಿವರಿಸಿದ್ದೇನೋ. ಆ ದಿನಗಳಲ್ಲಿ ಅದನ್ನು ನೋಡಲಾರದೆ ಕಿಟಕಿಗೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಿದ್ದೆ.

ಇದರ ಜೊತೆಗೆ ಇನ್ನೊಂದು ತೊಂದರೆ. ಅವರು ಸರ್ವಿಸ್ ಮಾಡಿ ಹೋದಾಗಿನಿಂದ ಮೈಕ್ರೋಸ್ಕೋಪಿನಲ್ಲಿ ಎಲ್ಲವೂ ಎರಡೆರಡಾಗಿ ಕಾಣುತ್ತಿತ್ತು. ಎಡಗಣ್ಣಿನ ನೊಣ ಒಂದು ಕಡೆ, ಬಲಗಣ್ಣಿನ ನೊಣ ಒಂದು ಕಡೆ. ಏನು ಮಾಡಿದರೂ ಎರಡೂ ಕೂಡುತ್ತಿರಲಿಲ್ಲ. ತಲೆ ಸಿಡಿಯುತ್ತಿತ್ತು. ಬೇರೆ ಮೆಕ್ಯಾನಿಕ್ ಕರೆಸೋಣ ಎಂದು ನಮ್ಮ ಸಾಹೇಬರು ಹೇಳಿದರು. ನಾನು ಕಡ್ಡಿ ಮುರಿದ ಹಾಗೆ ಬೇಡ ಎಂದೆ. ಅವರು ಕೊನೆಯದಾಗಿ ಮುಟ್ಟಿದ ತಿರುಪನ್ನು ಇನ್ನೊಬ್ಬ ಬಂದು ಸಡಿಲಿಸುವುದು ನನಗೆ ಬೇಕಿರಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡು ಕೆಲಸ ಮಾಡಿದೆ. ಬೀದಿಯಲ್ಲಿ ನಡೆಯುವಾಗಲೂ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎದುರು ಮನೆಯ ಯಜಮಾನರು ಒಂದು ದಿನ ನನ್ನನ್ನು ನೋಡಿ ಗಾಬರಿಯಾಗಿ ದಾರಿ ಬದಲಿಸಿದರು.

ಕೊನೆಗೆ ಆಗಬಾರದ್ದು ಆಯಿತು. ದೂರದ ಊರಿನ ತಜ್ಞರೊಬ್ಬರು ಫೋನ್ ಮಾಡಿ, ನಾನು ಹೆಸರಿಟ್ಟು ಕಳಿಸಿದ್ದ ಪೆಟ್ಟಿಗೆಯಲ್ಲಿ ಒಂದು ಗಂಡನ್ನು ಹೆಣ್ಣೆಂದು ಬರೆದಿದ್ದೀರಿ ಎಂದರು. "ಕಣ್ಣೆರಡೂ ಮುಟ್ಟಿಕೊಂಡೇ ಇವೆಯಲ್ಲ ಮೇಡಂ, ನಡುವೆ ಜಾಗ ನಿಮಗೆಲ್ಲಿ ಕಾಣಿಸ್ತು?" ಎಂದು ಮೆತ್ತಗೆ ಕೇಳಿದರು. ನನ್ನ ಕೆಲಸದಲ್ಲಿ ಇದು ಅ ಆ ಇ ಈ. ಎಂದೋ ಒಂದು ಮಧ್ಯಾಹ್ನ ಸುಸ್ತಾಗಿ ಎರಡೂ ಕಣ್ಣು ತೆರೆದು ನೋಡಿದ್ದೆನೋ ಏನೋ, ಒಂದು ತಲೆ ಎರಡಾಗಿ, ಕೂಡಿದ ಕಣ್ಣುಗಳು ಬೇರೆ ಬೇರೆಯಾಗಿ ಕಂಡಿದ್ದವು.

ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ. ಅವಳಿಗೆ ಅದರಲ್ಲೂ ಖುಷಿಯೇ. "ಬೇಕಂತಲೇ ಕೆಡಿಸಿ ಹೋಗಿದ್ದಾನೆ ಕಣೇ. ಇವಳು ಹುಡುಕ್ಕೊಂಡು ಬರ್ಲಿ ಅಂತ! ಹೋಗು. ಎತ್ಕೊಂಡು ಹೋಗು."

"ಅವರೇ ಬರಬಹುದಲ್ಲ."

"ವರ್ಷವಿಡೀ ಅವನೇ ಬಂದ. ನಿನ್ನ ಕಾಲೇನು ಸವೆಯುತ್ತಾ?"

ಆ ಮಾತು ನಾಟಿತು. ನನಗೆ ಬೇಕಿದ್ದದ್ದು ಒಂದೇ ಉತ್ತರ: ಆ ಮನುಷ್ಯ ಬರುತ್ತಿದ್ದದ್ದು ನೊಣಕ್ಕೋ, ನನಗೋ. ನೊಣಕ್ಕೆ ಎಂದರೆ ಸರಿ, ಎಂದಿನಂತೆ ಬೀರುಗಳ ನಡುವೆ ಮುದುಕಿಯಾಗುತ್ತೇನೆ. ನನಗೆ ಎಂದರೆ ಏನು ಮಾಡುತ್ತೇನೆಂದು ಯೋಚಿಸಲೂ ಧೈರ್ಯವಿರಲಿಲ್ಲ. ಮೈಕ್ರೋಸ್ಕೋಪಿನ ತಲೆಭಾಗ ಬಿಚ್ಚಿ ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಬೀರುವಿನ ಹಿಂದೆ ಸತ್ತು ಬಿದ್ದಿದ್ದ ಒಂದು ನಿಜವಾದ ಜೇನನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡೆ. ಅವರ ಮುಂದೆ ಇಟ್ಟು, "ರೆಕ್ಕೆ ಎರಡಿದೆ, ಇದು ಯಾವ ನೊಣ?" ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ತಮಾಷೆ ಅವರಿಗೆ ಅರ್ಥವಾದರೆ ನಗುತ್ತಾರೆ. ನಕ್ಕರೆ ಉತ್ತರ ಸಿಕ್ಕಿತೆಂದು ಲೆಕ್ಕ.

ವರ್ಕ್‌ಶಾಪ್ ಒಂದು ಓಣಿಯ ಕೊನೆಯಲ್ಲಿ, ಬೀಗ ರಿಪೇರಿಯ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಬಾಗಿಲು ತೆರೆದೇ ಇತ್ತು. ಉದ್ದನೆ ಬೆಂಚಿನ ಮೇಲೆ ಬಿಚ್ಚಿಟ್ಟ ಕೊಳವೆಗಳು, ಮೆತ್ತನೆಯ ಬಟ್ಟೆಯ ಮೇಲೆ ಸಾಲಾಗಿ ಲೆನ್ಸುಗಳು, ಅದೇ ಸ್ಪಿರಿಟ್ಟಿನ ವಾಸನೆ. ಆ ವಾಸನೆಗೇ ನನ್ನ ಕಣ್ಣು ತುಂಬಿತು. ಬೆಂಚಿನ ಹಿಂದೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ತಿರುಪುಳಿ ಹಿಡಿದು ಕೂತಿದ್ದಳು. ನನ್ನ ಚೀಲದ ಮೇಲಿದ್ದ ಸಂಗ್ರಹಾಲಯದ ಹೆಸರು ನೋಡಿದವಳೇ ಎದ್ದು ನಿಂತಳು.

"ನೀವು ನೊಣದ ಮೇಡಮ್ಮಾ?"

ಹೌದೆಂದೆ. ತಾನು ಅವರ ಮಗಳೆಂದಳು. ಒಳಕೋಣೆಯ ಕಡೆ ತಿರುಗಿ, "ಅಪ್ಪಾ, ನೊಣದ ಮೇಡಂ ಬಂದಿದ್ದಾರೆ" ಎಂದು ಕೂಗಿದಳು. ಒಳಗೆ ಕೆಮ್ಮು ಕೇಳಿತು. ಕುರ್ಚಿ ಸರಿದ ಸದ್ದಾಯಿತು, ಆದರೆ ಯಾರೂ ಹೊರಗೆ ಬರಲಿಲ್ಲ.

ಮಗಳು ಅಷ್ಟರಲ್ಲಿ ಹತ್ತಿ ಬಿಡಿಸಿ, ಮೈಕ್ರೋಸ್ಕೋಪಿನ ತಲೆಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನೋಡಿದಳು. ನೋಡಿ ಹುಬ್ಬು ಗಂಟಿಕ್ಕಿದಳು. "ಅಯ್ಯೋ, ಒಳಗಿನ ಗಾಜು ಪೂರ್ತಿ ವಾರೆಯಾಗಿ ಕೂತಿದೆ. ಇದನ್ನ ಹೀಗೆ ಮಾಡಿದ್ದು ಯಾರು?"

"ನನ್ನ ಕೈಯಿಂದ ಬಿತ್ತು" ಎಂದೆ. ಯಾಕೆ ಹಾಗೆಂದೆನೋ, ಬಾಯಿಗೆ ಬಂತು.

"ಬಿದ್ದಿಲ್ಲ" ಎಂದಿತು ಒಳಗಿನ ದನಿ. "ಅದು ನಾನೇ ಮಾಡಿದ್ದು. ಒಳಗೆ ಬನ್ನಿ ಮೇಡಂ."

ಒಳಕೋಣೆಯಲ್ಲಿ ಅವರು ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಒಂದು ಕಿಟಕಿ, ಅದರಿಂದ ಇಳಿಹೊತ್ತಿನ ಬಿಸಿಲು. ನಾನು ಬಾಗಿಲ ಪಕ್ಕದ ಗೋಡೆಗೆ ಒತ್ತಿ ನಿಂತೆ. ಬಾಯಿಪಾಠ ಮಾಡಿದ್ದು ಎಲ್ಲ ಮರೆತುಹೋಯಿತು. ಸುಮ್ಮನೆ ಬೆಂಕಿಪೊಟ್ಟಣವನ್ನು ಅವರ ಕೈಗೆ ಕೊಟ್ಟೆ.

ಅವರ ಮುಖ ಅರಳಿತು. ಪೊಟ್ಟಣ ತೆರೆದು, ಅಂಗೈಗೆ ಹಾಕಿಕೊಂಡು, ಬೆಳಕಿಗೆ ಹಿಡಿದರು. ಹತ್ತಿರ ತಂದರು, ದೂರ ಹಿಡಿದರು. ಆಮೇಲೆ, ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಬಂದವರ ಹಾಗೆ, ಒಂದೊಂದಾಗಿ ಹೇಳಿದರು: "ರೆಕ್ಕೆ ಎರಡು. ಮೀಸೆ ಗಿಡ್ಡ. ಕಣ್ಣು ದೊಡ್ಡವು, ಕೂಡಿಕೊಂಡಿವೆ. ಗಂಡು ಹೂನೊಣ. ಈ ಸಲ ಸರಿಯಾಯ್ತಾ ಮೇಡಂ?"

ಅಂಗೈಯಲ್ಲಿದ್ದದ್ದು ಕೆಲಸಗಾರ ಜೇನು. ಮೊಣಕೈ ಮಡಚಿದ ಉದ್ದ ಮೀಸೆ, ಕಾಲಿನ ಬುಟ್ಟಿಯಲ್ಲಿ ಇನ್ನೂ ಅಂಟಿಕೊಂಡಿದ್ದ ಹಳದಿ ಪರಾಗ. ಅವರು ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ಕಾಣುತ್ತಿರಲಿಲ್ಲ.

ತಡವಿದ ಬೆರಳುಗಳು, ನೀವೇ ನೋಡಿ ಹೇಳಿ ಎಂಬ ಮಾತು, ವಾರೆಯಾದ ಗಾಜು, ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದಿದವು. ನಾಲ್ಕು ಎಂದು ಅವರು ಹೇಳುತ್ತಿದ್ದದ್ದು ನಾಟಕವಾಗಿರಲಿಲ್ಲ. ಅಕ್ಕನ ಮಾತು ಕಟ್ಟಿಕೊಂಡು ನಾನು ಕಟ್ಟಿದ್ದ ಮನೆ ಹಾಗೆಯೇ ಕುಸಿದು ಕೂತಿತು. ಹೌದು ಸರಿಯಾಯಿತು ಎಂದುಬಿಡಬೇಕೆಂದು ಆಸೆಯಾಯಿತು. ಆದರೆ ಆ ಮನುಷ್ಯ ನನ್ನ ಹತ್ತಿರ ಅಷ್ಟು ಸಲ ಬಂದದ್ದು ಇದ್ದದ್ದನ್ನು ಇದ್ದ ಹಾಗೆ ಕೇಳುವುದಕ್ಕೆ. ಸಮಾಧಾನ ಹೇಳುವವರು ಬೇರೆ ಎಷ್ಟೋ ಜನ ಸಿಕ್ಕಾರು.

"ತಪ್ಪು" ಎಂದೆ. "ಇದು ಜೇನು. ರೆಕ್ಕೆ ನಾಲ್ಕು."

ಅವರು ಅಂಗೈಯನ್ನು ನಿಧಾನವಾಗಿ ಮಡಿಲಿಗೆ ಇಳಿಸಿದರು. ಹೊರಗೆ ಮಗಳ ತಿರುಪುಳಿಯ ಸದ್ದೂ ನಿಂತಿತು.

"ನಡುಭಾಗ ಪೂರ್ತಿ ಅಳಿಸಿಹೋಗಿದೆ ಮೇಡಂ" ಎಂದರು. "ಅಂಚು ಮಾತ್ರ ಉಳಿದಿದೆ. ಎದುರಿಗಿರೋದು ಕಾಣಲ್ಲ, ಪಕ್ಕದಲ್ಲಿರೋದು ಸ್ವಲ್ಪ ಕಾಣುತ್ತೆ. ನಿಮ್ಮ ಮೆಷೀನು ಕೆಡಿಸಿದೆ ಅಂತ ಅವತ್ತೇ ಅನುಮಾನ ಬಂತು. ಆಮೇಲೆ ಮುಖ ತೋರಿಸೋಕೆ ಆಗಲಿಲ್ಲ. ಮೆಟ್ಟಿಲು ಇಳಿಯೋದೂ ಕಷ್ಟವಾಯ್ತು."

"ಹಾಗಾದ್ರೆ ವರ್ಷವಿಡೀ..." ಎಂದೆ. "ಕಣ್ಣು ಎಷ್ಟು ಉಳಿದಿದೆ ಅಂತ ನೋಡ್ಕೊಳ್ಳೋಕೆ ಬರ್ತಿದ್ರಾ ನನ್ನ ಹತ್ರ? ರೆಕ್ಕೆ ಎಣಿಸಿ?"

"ಅದಕ್ಕೆ ನೀವ್ಯಾಕೆ? ಈ ಬೀದಿಯಲ್ಲೇ ಕಣ್ಣಿನ ಡಾಕ್ಟ್ರಿದ್ದಾರೆ. ಅವರು ಆಗಲೇ ಹೇಳಿದ್ರು. ಮೊದಲನೇ ಪೊಟ್ಟಣ ತರೋ ಮುಂಚೇನೇ. ಇನ್ನೊಂದು ವರ್ಷ ಸಿಕ್ಕರೆ ಪುಣ್ಯ, ನೋಡೋದೇನಿದ್ರೂ ನೋಡಿಬಿಡಿ ಅಂದ್ರು." ಅವರು ಕೆಮ್ಮಿದರು. "ಏನು ನೋಡೋದು ಅಂತ ತುಂಬ ಯೋಚನೆ ಮಾಡಿದೆ. ಕೆಲವರು ಸಮುದ್ರ ನೋಡೋಕೆ ಹೋಗ್ತಾರಂತೆ."

"ನೀವು ನೊಣ ನೋಡೋಕೆ ಬಂದ್ರಾ?" ಎಂದೆ. ದನಿಯಲ್ಲಿ ಹಳೆಯ ಸಿಡುಕು ಬರಲೆಂದು ಪ್ರಯತ್ನಪಟ್ಟೆ, ಬರಲಿಲ್ಲ.

"ನೊಣ ಯಾರು ನೋಡಿದ್ರು? ನೊಣ ನೋಡ್ತಾ ಕೂತಿದ್ದೋರನ್ನ ನೋಡ್ತಿದ್ದೆ. ನೀವು ತಲೆ ಎತ್ತುತ್ತಲೇ ಇರಲಿಲ್ಲವಲ್ಲ, ಆರಾಮಾಗಿ ನೋಡಬಹುದಿತ್ತು. ಪೊಟ್ಟಣದಲ್ಲಿ ಏನಿರ್ತಿತ್ತೋ ನಂಗೂ ಗೊತ್ತಿರ್ತಿರಲಿಲ್ಲ. ಎರಡು ಅಂದಿದ್ರೆ ನೀವು ಹೌದು ಅಂದು ಕಳಿಸಿಬಿಡ್ತಿದ್ರಿ. ನಾಲ್ಕು ಅಂದ್ರೆ ಕೂರಿಸ್ಕೊಂಡು ಬೈತಿದ್ರಿ."

ಅವರು ಪೊಟ್ಟಣವನ್ನು ತಡವಿ ಹುಡುಕಿ, ಜೇನನ್ನು ಅದರೊಳಗೆ ಹಾಕಿ ಮುಚ್ಚಿದರು.

"ಕೂದಲಿಗೆ ಬಣ್ಣ ಹಾಕಿಸಿದ್ರಿ" ಎಂದರು. "ಅದು ಕಾಣಿಸಿತ್ತು. ಹೇಳೋಕೆ ಧೈರ್ಯ ಬರಲಿಲ್ಲ."

ಬಾಗಿಲಲ್ಲಿ ಮಗಳು ನಿಂತಿದ್ದಳು. ಗೂಡಿನಲ್ಲಿದ್ದ ಒಂದು ತಗಡಿನ ಡಬ್ಬಿಯನ್ನು ನನಗೆ ತೋರಿಸಿ, ದನಿ ತಗ್ಗಿಸಿ ಹೇಳಿದಳು: "ಕಿಟಕಿಯಲ್ಲಿ ನೊಣ ಬಿದ್ದಿದ್ರೆ ಎತ್ತಿಡು ಅಂತ ಈಗಲೂ ದಿನಾ ಹೇಳ್ತಾರೆ." ಡಬ್ಬಿಯ ತುಂಬ ಬೆಂಕಿಪೊಟ್ಟಣಗಳಿದ್ದವು. ಅವಳು ಹೊರಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ನಾನು ಅತ್ತೆ. ಸಿಟ್ಟಿನಿಂದ ಅತ್ತೆ. ಯಾರ ಮೇಲೆ ಸಿಟ್ಟೆಂದರೆ ನನ್ನ ಮೇಲೆ. ಅವರು ನೋಡುತ್ತಿದ್ದ ವರ್ಷವಿಡೀ ನಾನು ಕೈಯಳತೆಯ ದೂರದಲ್ಲಿ ಕೂತು ನೊಣ ನೋಡಿದ್ದೆ. ನಾನು ತಲೆ ಎತ್ತಿದ್ದರೆ ಆ ಕಣ್ಣುಗಳಿಗೆ ನನ್ನ ಕಣ್ಣು ಸಿಗುತ್ತಿತ್ತು. ಈಗ ತಲೆ ಎತ್ತಿದರೆ ಆ ಕಣ್ಣುಗಳಲ್ಲಿ ನಾನಿಲ್ಲ.

"ಅಳ್ತಿದ್ದೀರಾ?" ಎಂದರು.

"ನೆಗಡಿ."

"ಎಲ್ಲಿ ನಿಂತಿದ್ದೀರಿ? ನಂಗೆ ಗೋಡೆಗೂ ನಿಮಗೂ ವ್ಯತ್ಯಾಸ ಗೊತ್ತಾಗ್ತಿಲ್ಲ. ಕಿಟಕಿ ಹತ್ರ ಬಿಸಿಲಿಗೆ ಬಂದ್ರೆ ಆಕಾರ ಕಾಣಬಹುದು."

ಕಿಟಕಿಯ ಹತ್ತಿರ ಹೋಗಿ ಬಿಸಿಲಿನಲ್ಲಿ ನಿಂತೆ. ಅ‌ವರು ನನ್ನ ಕಡೆ ನೇರ ನೋಡಲಿಲ್ಲ. ಮುಖವನ್ನು ಪಕ್ಕಕ್ಕೆ, ಇನ್ನೂ ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಎಲ್ಲೋ ಗೋಡೆಯ ಕಡೆ ನೋಡುವವರಂತೆ ಕೂತು, "ಹ್ಞಾ" ಎಂದರು. "ಸಿಕ್ಕಿದ್ರಿ. ಅಲ್ಲೇ ಇರಿ, ಅಲುಗಾಡಬೇಡಿ."

ಅಲುಗಾಡದೆ ನಿಂತೆ. ನಿಂತು, ಆ ದಿನ ಮೊಟ್ಟಮೊದಲ ಸಲ, ಅವಸರವಿಲ್ಲದೆ, ನನಗೆ ಬರುವ ಒಂದೇ ವಿದ್ಯೆಯಿಂದ ಅವರನ್ನು ನೋಡಿದೆ. ಕೂದಲು ಪೂರ್ತಿ ಬಿಳಿ, ನಡುವೆ ತೆಳ್ಳಗಾಗಿದೆ. ಎಡ ಹುಬ್ಬಿನ ತುದಿಯಲ್ಲಿ ಒಂದು ಹಳೆಯ ಗಾಯದ ಗೆರೆ. ಕಿವಿಗಳು ಸ್ವಲ್ಪ ದೊಡ್ಡವು. ಮೇಲ್ದುಟಿ ತೆಳು, ನಗು ತಡೆಯುವಾಗ ಬಲಕ್ಕೆ ಎಳೆಯುತ್ತದೆ. ಕಣ್ಣು ಕಂದು ಬಣ್ಣ, ಹೊರಗಿನಿಂದ ನೋಡಿದರೆ ಯಾವ ದೋಷವೂ ತಿಳಿಯದಷ್ಟು ತಿಳಿ. ಮನೆಗೆ ಹೋದಮೇಲೆ ಅಕ್ಕ ಕೇಳುವ ಪ್ರಶ್ನೆ ನೆನಪಾಗಿ ಇನ್ನೊಮ್ಮೆ ನೋಡಿದೆ. ಕನ್ನಡಕ ಇರಲಿಲ್ಲ. ಮೂಗಿನ ಎರಡೂ ಬದಿಗೆ, ಅದು ವರ್ಷಗಟ್ಟಲೆ ಕೂತಿದ್ದ ಗುರುತು ಮಾತ್ರ ಇತ್ತು.